ಮದುವೆಯ ಬದಲಿಗೆ ಒಂದು ಕಂತೆ ಕಾಗದ: ಸಲಿಂಗಿ ಜೋಡಿಗಳ ‘ದಾಖಲೆ ಪ್ಯಾಕೇಜ್’ ಎಷ್ಟು ಕೆಲಸಕ್ಕೆ ಬರುತ್ತದೆ?

ಸಲಿಂಗಿ ಜೋಡಿಗಳಿಗೆಂದು ವಕೀಲರು ಮಾಡಿಕೊಡುವ ‘ದಾಖಲೆ ಪ್ಯಾಕೇಜ್’ನಲ್ಲಿ ಸಾಮಾನ್ಯವಾಗಿ ಇರುವುದು ಇಷ್ಟು: ಇಬ್ಬರದೂ ಒಂದೊಂದು ವಿಲ್, ಒಬ್ಬರ ಹೆಸರಿಗೆ ಇನ್ನೊಬ್ಬರು ಬರೆದುಕೊಡುವ ಜನರಲ್ ಪವರ್ ಆಫ್ ಅಟಾರ್ನಿ (ತಮ್ಮ ಪರವಾಗಿ ವ್ಯವಹರಿಸುವ ಅಧಿಕಾರಪತ್ರ), ವೈದ್ಯಕೀಯ ಮುಂಗಡ ನಿರ್ದೇಶನ, ಛಾಪಾ ಕಾಗದದ ಮೇಲೆ ಒಂದು ಸಹಜೀವನ ಕರಾರು, ಜೊತೆಗೆ ಬ್ಯಾಂಕು, ವಿಮೆ, ಪಿಎಫ್‌ಗಳ ನಾಮಿನಿ ಫಾರಂ ತುಂಬಿಸಿಕೊಡುವ ಸೇವೆ. ‘ಮದುವೆ ಕಾನೂನು ಬರೋವರೆಗೂ ಇದನ್ನೇ ಮದುವೆ ಅಂದ್ಕೊಳ್ಳಿ’ ಎಂಬ ಮಾತು ಇದರ ಜೊತೆಗೇ ಬರುತ್ತದೆ. ಹಾಗೆ ಅಂದುಕೊಳ್ಳುವಂತಿಲ್ಲ. ಪ್ಯಾಕೇಜಿಗೆ ಐದಕ್ಕೆ ಎರಡೂವರೆ ಕೊಡಬಹುದು, ಅದರಲ್ಲಿ ಒಂದೂವರೆ ಅಂಕ ವಿಲ್ ಒಂದಕ್ಕೇ ಸಲ್ಲಬೇಕು.

ಮೊದಲು ಹೋಲಿಕೆಯ ಅಳತೆಗೋಲು ಯಾವುದೆಂದು ಹೇಳಿಬಿಡೋಣ. ವಿಶೇಷ ವಿವಾಹ ಕಾಯ್ದೆ, 1954ರ ಪ್ರಕಾರ ಮದುವೆಯಾಗಲು ಇಬ್ಬರಲ್ಲಿ ಒಬ್ಬರಾದರೂ 30 ದಿನ ವಾಸವಿದ್ದ ಜಿಲ್ಲೆಯ ವಿವಾಹಾಧಿಕಾರಿಗೆ ನೋಟಿಸ್ ಕೊಡಬೇಕು. ಆ ನೋಟಿಸು ಕಚೇರಿಯಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಅಂಟಿಸಿ 30 ದಿನ ಕಳೆಯಬೇಕು, ಆಮೇಲೆ ಮೂವರು ಸಾಕ್ಷಿಗಳ ಎದುರು ಸಹಿ. ಕೊನೆಗೆ ಕೈಗೆ ಬರುವುದು ಒಂದು ಹಾಳೆ. ಆದರೆ ಆ ಹಾಳೆ ಆಸ್ಪತ್ರೆ, ಪಿಎಫ್ ಕಚೇರಿ, ತೆರಿಗೆ ಇಲಾಖೆ, ತಹಶೀಲ್ದಾರರು, ಎರಡೂ ಕಡೆಯ ನೆಂಟರು, ಎಲ್ಲರ ಮೇಲೂ ನಡೆಯುತ್ತದೆ. ಅವರ್ಯಾರೂ ಅದಕ್ಕೆ ಒಪ್ಪಿ ಸಹಿ ಹಾಕಿರಬೇಕಾಗಿಲ್ಲ. ಕರಾರು ಹಾಗಲ್ಲ, ಸಹಿ ಹಾಕಿದ ಇಬ್ಬರನ್ನು ಮಾತ್ರ ಅದು ಕಟ್ಟಿಹಾಕುತ್ತದೆ. ಜೋಡಿಗೆ ತೊಂದರೆ ಬರುವುದು ಸಾಮಾನ್ಯವಾಗಿ ಮೂರನೆಯವರಿಂದ, ಪ್ಯಾಕೇಜ್ ಸೋಲುವುದೂ ಅಲ್ಲೇ.

ಆ ಕಾಯ್ದೆಯ 4ನೇ ಕಲಂ ಗಂಡಿಗೆ 21, ಹೆಣ್ಣಿಗೆ 18 ವರ್ಷ ತುಂಬಿರಬೇಕು ಎನ್ನುತ್ತದೆ. ಒಂದು ಗಂಡು, ಒಂದು ಹೆಣ್ಣು ಎಂದೇ ಅದರ ಲೆಕ್ಕ. ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. ಮದುವೆಯ ಪ್ರಶ್ನೆ ಸುಪ್ರಿಯೋ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠದ ಮುಂದೆ ಬಂದಾಗ, 2023ರ ಅಕ್ಟೋಬರ್ 17ರಂದು, ಮದುವೆ ಮೂಲಭೂತ ಹಕ್ಕಲ್ಲ ಎಂದು ಐವರೂ ಹೇಳಿದರು. ಮದುವೆಯಲ್ಲದಿದ್ದರೂ ಒಂದು ಕಾನೂನು ಬಂಧವನ್ನಾದರೂ ಮಾನ್ಯ ಮಾಡೋಣ ಎಂಬ ಮಾತಿಗೆ ಇಬ್ಬರು ಮಾತ್ರ ಜೊತೆಗಿದ್ದರು, ಮೂವರು ಒಪ್ಪಲಿಲ್ಲ. ಮರುಪರಿಶೀಲನಾ ಅರ್ಜಿಗಳೂ 2025ರ ಜನವರಿಯಲ್ಲಿ ವಜಾ ಆದವು. ಅಪರಾಧವೂ ಅಲ್ಲ, ಸಂಬಂಧವೂ ಅಲ್ಲ ಎಂಬ ಈ ನಡುಜಾಗದಲ್ಲೇ ಪ್ಯಾಕೇಜಿನ ವ್ಯಾಪಾರ ಬೆಳೆದಿರುವುದು.

ಈಗ ಒಂದೊಂದಾಗಿ. ವಿಲ್‌ನಿಂದಲೇ ಶುರುಮಾಡಬೇಕು, ಏಕೆಂದರೆ ಅದಿಲ್ಲದಿದ್ದರೆ ಏನಾಗುತ್ತದೆ ಎಂಬುದು ಅಷ್ಟು ಖಚಿತ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಮದುವೆ ಮಕ್ಕಳಿಲ್ಲದ ಗಂಡಸು ವಿಲ್ ಬರೆಯದೆ ತೀರಿಕೊಂಡರೆ ಆಸ್ತಿ ತಾಯಿಗೆ, ತಾಯಿ ಇಲ್ಲದಿದ್ದರೆ ತಂದೆಗೆ, ಅವರೂ ಇಲ್ಲದಿದ್ದರೆ ಒಡಹುಟ್ಟಿದವರಿಗೆ. ಹೆಂಗಸಾದರೆ ಸಾಮಾನ್ಯವಾಗಿ ತಂದೆ ತಾಯಿಗೆ. ಇಪ್ಪತ್ತು ವರ್ಷ ಒಂದೇ ಸೂರಿನಡಿ ಇದ್ದ ಸಂಗಾತಿಯ ಹೆಸರು ವಂಶವೃಕ್ಷದಲ್ಲಿ ಬರುವುದಿಲ್ಲ, ವಂಶವೃಕ್ಷದಲ್ಲಿ ಬಾರದವರ ಹೆಸರಿಗೆ ಪೌತಿ ಖಾತೆಯೂ ಆಗುವುದಿಲ್ಲ. ನಾಡಕಚೇರಿಯ ಕೌಂಟರಿನಲ್ಲಿ ಈ ವಿಷಯಕ್ಕೆ ವಾದವೇ ಇಲ್ಲ. ಇದನ್ನು ತಡೆಯುವ ಶಕ್ತಿ ಇರುವುದು ವಿಲ್‌ಗೆ ಮಾತ್ರ.

ವಿಲ್‌ಗೆ ಮುದ್ರಾಂಕ ಶುಲ್ಕವಿಲ್ಲ, ಬಿಳಿ ಹಾಳೆಯೂ ನಡೆಯುತ್ತದೆ. ಬರೆದವರು ಸಹಿ ಹಾಕುವುದನ್ನು ಕಂಡ ಇಬ್ಬರು ಸಾಕ್ಷಿಗಳು ಬರೆದವರ ಮುಂದೆಯೇ ಸಹಿ ಹಾಕಬೇಕು. ನೋಂದಣಿ ಕಡ್ಡಾಯವಲ್ಲ, ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಲೇಬೇಕು. ಹೆತ್ತವರನ್ನು, ಒಡಹುಟ್ಟಿದವರನ್ನು ಬಿಟ್ಟು ‘ಹೊರಗಿನವರಿಗೆ’ ಬರೆದ ವಿಲ್ ಎಂದರೆ ಕೋರ್ಟು ಮೊದಲು ಅನುಮಾನದಿಂದಲೇ ನೋಡುತ್ತದೆ. ಪ್ಯಾಕೇಜಿನ ಸಿದ್ಧ ನಮೂನೆಗಳು ಸಾಮಾನ್ಯವಾಗಿ ಎಡವುವುದು ಈ ಒಂದು ವಿಷಯದಲ್ಲಿ. ‘ನನ್ನ ಸಮಸ್ತ ಆಸ್ತಿ ನನ್ನ ಸ್ನೇಹಿತನಿಗೆ’ ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತವೆ. ಹಾಗೆ ಮಾಡಬಾರದು. ತಾಯಿಗೆ ಏಕೆ ಕೊಟ್ಟಿಲ್ಲ, ಅಥವಾ ಎಷ್ಟು ಕೊಟ್ಟಿದೆ ಎಂಬುದಕ್ಕೆ ಎರಡು ಸಾಲು ಬೇಕು. ಸಂಗಾತಿಯ ಪೂರ್ತಿ ಹೆಸರು, ತಂದೆಯ ಹೆಸರು, ವಿಳಾಸ, ಎಷ್ಟು ವರ್ಷದಿಂದ ಒಟ್ಟಿಗಿದ್ದೇವೆ ಎಂಬುದು ಬೇಕು. ಆಸ್ತಿಗೆ ಷೆಡ್ಯೂಲ್ ಬೇಕು, ಪಟ್ಟಿಯಲ್ಲಿ ಬಿಟ್ಟುಹೋದದ್ದಕ್ಕೆ ‘ಉಳಿದದ್ದೆಲ್ಲ ಇವರಿಗೆ’ ಎಂಬ ಒಂದು ಕಲಂ ಬೇಕು. ಸಹಿ ಹಾಕಿದ ದಿನವೇ ವೈದ್ಯರಿಂದ ಬುದ್ಧಿ ಸ್ಥಿಮಿತದ ಪ್ರಮಾಣಪತ್ರ ಪಡೆದು ಲಗತ್ತಿಸುವುದು ಒಳ್ಳೆಯದು. ಸಂಗಾತಿ ಸಾಕ್ಷಿಯಾಗಬಾರದು, ನೋಂದಣಿಯ ಹೊತ್ತಿಗೆ ಪಕ್ಕದಲ್ಲಿ ನಿಂತಿರದಿದ್ದರೆ ಇನ್ನೂ ಒಳ್ಳೆಯದು. ಒತ್ತಡ ಹಾಕಿ ಬರೆಸಿಕೊಂಡ ಎಂಬ ಆರೋಪಕ್ಕೆ ಆಗ ಆಧಾರ ಕಡಿಮೆ. ಸಾಕ್ಷಿಗಳು ವಯಸ್ಸಿನಲ್ಲಿ ಚಿಕ್ಕವರಿರಲಿ. ಮೂವತ್ತು ವರ್ಷದ ನಂತರ ಕೋರ್ಟಿಗೆ ಬಂದು ‘ಹೌದು, ಇದು ನನ್ನ ಸಹಿ’ ಎನ್ನಬೇಕಾದವರು ಅವರೇ.

ಮುಸ್ಲಿಂ ಜೋಡಿಗಳಿಗೆ ಈ ಪ್ಯಾಕೇಜ್ ಇನ್ನೂ ತೆಳು. ವಾರಸುದಾರರ ಒಪ್ಪಿಗೆ ಇಲ್ಲದೆ ಹೊರಗಿನವರಿಗೆ ವಿಲ್ ಮೂಲಕ ಆಸ್ತಿಯ ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಕೊಡಲಾಗದು. ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುವುದರಿಂದ ಈ ಮಿತಿ ದಾಟುತ್ತದೆ. ಸಲಿಂಗಿಗಳಿಗೆ ಆ ಬಾಗಿಲೂ ಇಲ್ಲ. ಇದನ್ನು ಹೇಳದೆ ಎಲ್ಲರಿಗೂ ಒಂದೇ ನಮೂನೆ ಕೊಡುವ ಕಡೆ ದುಡ್ಡು ಕಟ್ಟಬೇಡಿ.

ಮನೆ ಕೊಳ್ಳುವಾಗ ಕ್ರಯಪತ್ರದಲ್ಲಿ ಇಬ್ಬರ ಹೆಸರು ಹಾಕಿಸಲು ಮದುವೆ ಬೇಕಿಲ್ಲ. ಹಾಕಿಸಿ, ಆದರೆ ಯಾರ ಪಾಲು ಎಷ್ಟು ಎಂದು ಶೇಕಡಾವಾರು ಬರೆಸಿ. ಜಂಟಿ ಹೆಸರಿದ್ದರೆ ಒಬ್ಬರ ನಂತರ ಪೂರ್ತಿ ಮನೆ ಇನ್ನೊಬ್ಬರಿಗೆ ಬರುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಬರುವುದಿಲ್ಲ. ತೀರಿಕೊಂಡವರ ಪಾಲು ಅವರ ವಾರಸುದಾರರಿಗೆ ಹೋಗುತ್ತದೆ, ಉಳಿದವರು ಅತ್ತ ಕಡೆಯ ಅಣ್ಣನ ಜೊತೆ ಒಂದೇ ಫ್ಲ್ಯಾಟಿನ ಸಹಮಾಲೀಕರಾಗಿ ವಿಭಾಗದ ದಾವೆಗೆ ಕಾಯಬೇಕಾಗುತ್ತದೆ. ಹಾಗಾಗಿ ಕ್ರಯಪತ್ರ ಮತ್ತು ವಿಲ್ ಎರಡೂ ಒಂದೇ ವಾರದಲ್ಲಿ ಆಗಬೇಕಾದ ಕೆಲಸ. ಜಂಟಿ ಗೃಹಸಾಲ ಸಿಗುವುದೂ ಸುಲಭವಲ್ಲ, ಸಹ ಅರ್ಜಿದಾರರು ಗಂಡ, ಹೆಂಡತಿ ಅಥವಾ ರಕ್ತ ಸಂಬಂಧಿಯಾಗಿರಬೇಕು ಎನ್ನುವ ಬ್ಯಾಂಕುಗಳೇ ಹೆಚ್ಚು.

ಈಗಾಗಲೇ ಒಬ್ಬರ ಹೆಸರಿನಲ್ಲಿರುವ ಮನೆಯಲ್ಲಿ ಅರ್ಧ ಪಾಲು ಕೊಡಬೇಕೆಂದರೆ ಮದುವೆಯ ಬೆಲೆ ರೂಪಾಯಿಯಲ್ಲೇ ಕಾಣುತ್ತದೆ. 80 ಲಕ್ಷದ ಫ್ಲ್ಯಾಟು ಎಂದಿಟ್ಟುಕೊಳ್ಳಿ, ಅರ್ಧ ಎಂದರೆ 40 ಲಕ್ಷ. ಹೆಂಡತಿಗೆ ದಾನಪತ್ರ ಮಾಡಿದರೆ ಕರ್ನಾಟಕದಲ್ಲಿ ಕುಟುಂಬದವರಿಗೆಂದು ಇರುವ, ಸಾವಿರದ ಲೆಕ್ಕದಲ್ಲಿ ಮುಗಿಯುವ ನಿಗದಿತ ಮುದ್ರಾಂಕ ಶುಲ್ಕ. ಸಂಗಾತಿ ‘ಕುಟುಂಬ’ದಲ್ಲಿ ಬರುವುದಿಲ್ಲವಾದ್ದರಿಂದ ಮಾರುಕಟ್ಟೆ ಮೌಲ್ಯದ ಶೇ. 5, ಅಂದರೆ 2 ಲಕ್ಷ. ಸೆಸ್, ಸರ್ಚಾರ್ಜ್, ನೋಂದಣಿ ಶುಲ್ಕ ಬೇರೆ. ಇಷ್ಟಕ್ಕೇ ಮುಗಿಯುವುದಿಲ್ಲ. ಸಂಬಂಧಿಕರಲ್ಲದವರಿಂದ 50,000 ರೂಪಾಯಿ ಮೀರಿ ಪುಕ್ಕಟೆಯಾಗಿ ಬಂದದ್ದೆಲ್ಲ ಪಡೆದವರ ಆದಾಯ ಎಂದು ತೆರಿಗೆ ಕಾನೂನು ಹೇಳುತ್ತದೆ. ಮೀರಿದ ಭಾಗಕ್ಕಷ್ಟೇ ಅಲ್ಲ, ಪೂರ್ತಿ ಮೊತ್ತಕ್ಕೂ ತೆರಿಗೆ. ಸಂಗಾತಿ ಶೇ. 30ರ ಸ್ಲ್ಯಾಬಿನಲ್ಲಿದ್ದರೆ ಆ 40 ಲಕ್ಷಕ್ಕೆ ಸುಮಾರು 12 ಲಕ್ಷ ತೆರಿಗೆ. ಗಂಡ ಹೆಂಡತಿಯ ನಡುವೆ ಇದೇ ದಾನಕ್ಕೆ ಸೊನ್ನೆ. 2025ರಲ್ಲಿ ಒಂದು ಸಲಿಂಗಿ ಜೋಡಿ ಬಾಂಬೆ ಹೈಕೋರ್ಟಿನ ಮೆಟ್ಟಿಲು ಹತ್ತಿದ್ದು ಈ ತಾರತಮ್ಯವನ್ನು ಪ್ರಶ್ನಿಸಿಯೇ. ವಿಲ್ ಮೂಲಕ ಬಂದ ಆಸ್ತಿಗೆ ಮಾತ್ರ ಈ ತೆರಿಗೆ ಯಾರಿಗೂ ಇಲ್ಲ. ‘ಈಗಲೇ ದಾನಪತ್ರ ಮಾಡಿಬಿಡೋಣ’ ಎಂದು ಸಲಹೆ ಕೊಡುವವರಿಗೆ ತೆರಿಗೆಯ ಈ ಲೆಕ್ಕ ಒಮ್ಮೆ ಬರೆದು ಕೊಡಿ ಎಂದು ಕೇಳಿ.

ಪವರ್ ಆಫ್ ಅಟಾರ್ನಿ ಈ ಕಂತೆಯ ಅತಿ ದಪ್ಪ ಕಾಗದ, ಅತಿ ಕಡಿಮೆ ಕೆಲಸದ್ದು. ‘ಸಂಗಾತಿ ಐಸಿಯುನಲ್ಲಿದ್ದರೆ ಇದನ್ನು ತೋರಿಸಿ’ ಎಂದು ಹೇಳಿ ಕೊಡುತ್ತಾರೆ. ಬರೆದುಕೊಟ್ಟವರು ತೀರಿಕೊಂಡರೆ ಅಥವಾ ಬುದ್ಧಿ ಸ್ವಾಧೀನ ತಪ್ಪಿದರೆ ಏಜೆನ್ಸಿ, ಅಂದರೆ ಅವರ ಪರವಾಗಿ ನಡೆದುಕೊಳ್ಳುವ ಅಧಿಕಾರ, ಮುಗಿಯಿತು ಎಂದು ಕರಾರು ಕಾಯ್ದೆಯ 201ನೇ ಕಲಂ ಹೇಳುತ್ತದೆ. ಅಂದರೆ ಪ್ರಜ್ಞೆ ಇರುವವರೆಗೆ ಇದರ ಅಗತ್ಯ ಅಷ್ಟಿಲ್ಲ, ಪ್ರಜ್ಞೆ ಹೋದ ಮೇಲೆ ಇದಕ್ಕೆ ಬಲವಿಲ್ಲ. ಕೆಲವು ದೇಶಗಳಲ್ಲಿ ಪ್ರಜ್ಞೆ ಹೋದ ಮೇಲೂ ನಿಲ್ಲುವ ಅಧಿಕಾರಪತ್ರ ಉಂಟು, ನಮ್ಮಲ್ಲಿ ಇಲ್ಲ. ಕೋಮಾದಲ್ಲಿರುವವರ ಖಾತೆಯಿಂದ ಆಸ್ಪತ್ರೆಯ ಬಿಲ್ಲು ಕಟ್ಟಲು ಹೈಕೋರ್ಟಿಗೆ ರಿಟ್ ಹಾಕಿ ಪಾಲಕರಾಗಿ ನೇಮಿಸಿಕೊಳ್ಳಬೇಕು. ಹೆಂಡತಿಯಾದರೆ ತಾನು ಯಾರು ಎಂದು ವಿವರಿಸಬೇಕಿಲ್ಲ, ಸಂಗಾತಿಯಾದರೆ ಅರ್ಜಿಯ ಮೊದಲ ಪುಟದಲ್ಲೇ ಆ ಪ್ರಶ್ನೆ. ಇನ್ನೊಂದು ಕೊಕ್ಕೆ: ಸ್ಥಿರಾಸ್ತಿ ಮಾರುವ ಅಧಿಕಾರವನ್ನು ಗಂಡ, ಹೆಂಡತಿ, ತಂದೆ, ತಾಯಿ, ಮಕ್ಕಳು, ಒಡಹುಟ್ಟಿದವರನ್ನು ಬಿಟ್ಟು ಬೇರೆಯವರಿಗೆ ಬರೆದುಕೊಟ್ಟರೆ ಕರ್ನಾಟಕದಲ್ಲಿ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ ಬೀಳುತ್ತದೆ. ನಮೂನೆಯಲ್ಲಿ ‘ಮಾರಾಟ’ ಎಂಬ ಪದ ಇದ್ದರೆ ಹೊಡೆದುಹಾಕಿಸಿ.

ಆಸ್ಪತ್ರೆಗೆ ನಿಜವಾಗಿ ಬೇಕಾದ ಕಾಗದಗಳು ಎರಡು. ಮೊದಲನೆಯದು ಮುಂಗಡ ವೈದ್ಯಕೀಯ ನಿರ್ದೇಶನ. ಸುಪ್ರೀಂ ಕೋರ್ಟು 2018ರಲ್ಲಿ ಒಪ್ಪಿ, 2023ರ ಜನವರಿಯಲ್ಲಿ ಸರಳಗೊಳಿಸಿದ ಮೇಲೆ ಇದಕ್ಕೆ ಇಬ್ಬರು ಸಾಕ್ಷಿ ಮತ್ತು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. ಮೊದಲಿನಂತೆ ಮ್ಯಾಜಿಸ್ಟ್ರೇಟರ ಬಳಿ ಹೋಗಬೇಕಿಲ್ಲ. ಇದನ್ನು ಜಾರಿಗೆ ತರುವ ವ್ಯವಸ್ಥೆಗೆ ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿದೆ. ನಿರ್ಧಾರ ಹೇಳುವವರ ಜಾಗದಲ್ಲಿ ಸಂಗಾತಿಯ ಹೆಸರು ಹಾಕಬಹುದು, ಒಂದಕ್ಕಿಂತ ಹೆಚ್ಚು ಹೆಸರು ಬೇಕು, ಒಂದು ಪ್ರತಿ ಸ್ಥಳೀಯ ಸಂಸ್ಥೆಯ ನಿಗದಿತ ಅಧಿಕಾರಿಗೆ ತಲುಪಿಸಬೇಕು. ಆದರೆ ಇದರ ವ್ಯಾಪ್ತಿ ಚಿಕ್ಕದು. ಗುಣವಾಗುವ ಆಸೆ ಇಲ್ಲದ ಸ್ಥಿತಿಯಲ್ಲಿ ಯಂತ್ರದ ನೆರವು ಮುಂದುವರಿಸಬೇಕೋ ಬೇಡವೋ ಎಂಬುದಕ್ಕೆ ಮಾತ್ರ. ಅದೂ ತಲಾ ಮೂವರು ವೈದ್ಯರ ಎರಡು ಮಂಡಳಿಗಳು ಒಪ್ಪಿದ ಮೇಲೆ. ಬೈಕ್ ಅಪಘಾತವಾಗಿ ತುರ್ತು ಆಪರೇಷನ್ನಿಗೆ ಯಾರ ಸಹಿ ಎಂಬ ಪ್ರಶ್ನೆಗೆ ಇದು ಉತ್ತರವಲ್ಲ. ಜೀವ ಉಳಿಸುವ ತುರ್ತು ಚಿಕಿತ್ಸೆಗೆ ಯಾರ ಸಹಿಗೂ ಕಾಯಬೇಕಿಲ್ಲ ಎನ್ನುವುದು ಕಾನೂನು, ‘ಪೇಶೆಂಟಿಗೆ ನೀವೇನಾಗಬೇಕು?’ ಎನ್ನುವುದು ರಿಸೆಪ್ಷನ್ನಿನ ವಾಡಿಕೆ.

ಎರಡನೆಯದನ್ನು ಪ್ಯಾಕೇಜ್ ಮಾಡುವವರು ಹೆಚ್ಚಾಗಿ ಮರೆಯುತ್ತಾರೆ, ಬಹುಶಃ ಅದಕ್ಕೆ ಶುಲ್ಕ ಹಾಕಲು ಬರುವುದಿಲ್ಲವೆಂದೇ ಇರಬೇಕು. ಮಾನಸಿಕ ಆರೋಗ್ಯ ಕಾಯ್ದೆ, 2017ರ 14ನೇ ಕಲಂ ಪ್ರಕಾರ ವಯಸ್ಕರು ಯಾರನ್ನು ಬೇಕಾದರೂ ತಮ್ಮ ನಾಮಿತ ಪ್ರತಿನಿಧಿಯಾಗಿ ನೇಮಿಸಬಹುದು. ಬಿಳಿ ಹಾಳೆಯ ಮೇಲೆ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ಆಯಿತು, ಛಾಪಾ ಕಾಗದವೂ ಬೇಡ. ಪ್ರತಿನಿಧಿ ಒಪ್ಪಿಗೆಯನ್ನು ಬರೆದುಕೊಡಬೇಕು. ಮಾನಸಿಕ ಚಿಕಿತ್ಸೆಯ ಮಟ್ಟಿಗೆ ಆ ವ್ಯಕ್ತಿಯ ಮಾತಿಗೆ ಹೆತ್ತವರ ಮಾತಿಗಿಂತ ಹೆಚ್ಚು ತೂಕ. ‘ಸರಿಮಾಡಿಸುತ್ತೇವೆ’ ಎಂದು ಮನೆಯವರು ಎಳೆದೊಯ್ದು ಆಸ್ಪತ್ರೆಗೆ ಸೇರಿಸುವ ಭಯ ಇರುವವರು ಮೊದಲು ಮಾಡಬೇಕಾದದ್ದು ಇದೇ.

ಇನ್ನು ನಾಮಿನಿಗಳು. 2024ರ ಆಗಸ್ಟಿನಲ್ಲಿ ಕೇಂದ್ರದ ಹಣಕಾಸು ಇಲಾಖೆ ಜಂಟಿ ಬ್ಯಾಂಕ್ ಖಾತೆಗೂ ಸಂಗಾತಿಯನ್ನು ನಾಮಿನಿ ಮಾಡುವುದಕ್ಕೂ ಅಡ್ಡಿಯಿಲ್ಲ ಎಂದು ಸ್ಪಷ್ಟಪಡಿಸಿತು. ಪಡಿತರ ಚೀಟಿಗೆ ಒಂದೇ ಮನೆಯವರೆಂದು ಎಣಿಸಬೇಕೆಂದೂ, ಹತ್ತಿರದ ಬಂಧುಗಳು ಇಲ್ಲದಿದ್ದಾಗ ಶವ ಪಡೆಯಲು ಸಂಗಾತಿಗೆ ಅವಕಾಶವಿರಬೇಕೆಂದೂ ರಾಜ್ಯಗಳಿಗೆ ಪತ್ರ ಹೋಯಿತು. ಇದೆಲ್ಲ ಪುಕ್ಕಟೆ, ಪ್ಯಾಕೇಜಿನ ಪಟ್ಟಿಯಲ್ಲಿ ಸೇರಿಸಿ ಬಿಲ್ ಮಾಡಿದರೆ ಒಪ್ಪಬೇಡಿ. ಶವದ ವಿಷಯದಲ್ಲಿ ‘ಬಂಧುಗಳು ಇಲ್ಲದಿದ್ದಾಗ’ ಎಂಬ ಮಾತನ್ನು ಗಮನಿಸಿ. ಇಪ್ಪತ್ತು ವರ್ಷ ಫೋನೂ ಮಾಡದ ಅಣ್ಣ ಶವಾಗಾರದ ಬಾಗಿಲಿಗೆ ಬಂದು ನಿಂತರೆ ಸರತಿಯಲ್ಲಿ ಅವನೇ ಮುಂದೆ.

ಬ್ಯಾಂಕಿನಲ್ಲಿ ‘ಈದರ್ ಆರ್ ಸರ್ವೈವರ್’ (ಇಬ್ಬರಲ್ಲಿ ಯಾರಾದರೂ, ಇಲ್ಲವೇ ಬದುಕುಳಿದವರು ವ್ಯವಹರಿಸಬಹುದಾದ) ಖಾತೆಯೇ ಮಾಡಿಸಿ. ಒಬ್ಬರು ಹೋದ ಮರುದಿನವೂ ದುಡ್ಡು ಕೈಗೆ ಸಿಗುವ ದಾರಿ ಅದೊಂದೇ. ನಾಮಿನಿ ಎಂದರೆ ಮಾಲೀಕ ಎಂದು ತಿಳಿಯಬೇಡಿ. ಹಣ ಪಡೆದು ವಾರಸುದಾರರಿಗೆ ಒಪ್ಪಿಸಬೇಕಾದವರು ನಾಮಿನಿ. ಷೇರು, ಡಿಮ್ಯಾಟಿಗೂ ಇದೇ ನಿಯಮ ಎಂದು 2023ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಜೀವ ವಿಮೆಯಲ್ಲಿ ತಂದೆ ತಾಯಿ, ಗಂಡ ಹೆಂಡತಿ, ಮಕ್ಕಳು ನಾಮಿನಿಗಳಾಗಿದ್ದರೆ ಹಣ ಅವರದೇ ಎಂದು 2015ರ ತಿದ್ದುಪಡಿ ಸ್ಪಷ್ಟ ಮಾಡಿತು. ಸಂಗಾತಿ ಆ ಪಟ್ಟಿಯಲ್ಲಿಲ್ಲ, ಆದ್ದರಿಂದ ಪಾಲಿಸಿ ನಂಬರನ್ನು ವಿಲ್‌ನಲ್ಲೂ ಬರೆಯಬೇಕು.

ಪಿಎಫ್ ವಿಷಯ ಎಚ್ಚರದಿಂದ ಓದಿ. ಸದಸ್ಯರಿಗೆ ‘ಕುಟುಂಬ’ ಇದ್ದರೆ ನಾಮಿನಿ ಕುಟುಂಬದವರೇ ಆಗಿರಬೇಕು, ಬೇರೆಯವರ ಹೆಸರು ಹಾಕಿದರೆ ಅದು ಅಸಿಂಧು. ಅವಲಂಬಿತ ತಂದೆ ತಾಯಿ ಕುಟುಂಬದಲ್ಲಿ ಬರುತ್ತಾರೆ. ಪೋರ್ಟಲ್‌ನ ಇ-ನಾಮಿನೇಷನ್ ಪುಟದಲ್ಲಿ ಕುಟುಂಬ ಇದೆಯೇ ಎಂಬ ಪ್ರಶ್ನೆಗೆ ‘ಇಲ್ಲ’ ಒತ್ತಿದರೆ ಸಂಗಾತಿಯ ಹೆಸರು ಹೋಗುತ್ತದೆ, ಯಾರೂ ತಡೆಯುವುದಿಲ್ಲ. ಕ್ಲೇಮಿನ ದಿನ ಅವಲಂಬಿತ ತಾಯಿ ಅರ್ಜಿ ಹಾಕಿದರೆ ಆ ನಾಮಿನೇಷನ್ ಬಿದ್ದುಹೋಗುತ್ತದೆ, ಅದರ ಜೊತೆಗೆ ಪಿಎಫ್ ಸದಸ್ಯರಿಗಿರುವ 7 ಲಕ್ಷದವರೆಗಿನ ಇಡಿಎಲ್‌ಐ ವಿಮೆಯೂ. ಗ್ರಾಚ್ಯುಟಿಗೂ ಹೆಚ್ಚುಕಡಿಮೆ ಇದೇ ಕಟ್ಟಳೆ. ಹೆತ್ತವರಿಗೆ ತಮ್ಮದೇ ಪಿಂಚಣಿ, ಆದಾಯ ಇದ್ದು ಅವಲಂಬಿತರಲ್ಲದಿದ್ದರೆ ಸಂಗಾತಿಯ ಹೆಸರು ನಿಲ್ಲುವ ಸಾಧ್ಯತೆ ಹೆಚ್ಚು, ಅದಕ್ಕೆ ದಾಖಲೆ ಈಗಲೇ ಎತ್ತಿಡಿ. ಪಿಎಫ್ ಜೊತೆಗೇ ಬರುವ ಇಪಿಎಸ್ ಪಿಂಚಣಿಯಲ್ಲಿ ಕುಟುಂಬದ ವ್ಯಾಖ್ಯೆ ಬೇರೆ, ಗಂಡ ಅಥವಾ ಹೆಂಡತಿ ಮತ್ತು ಮಕ್ಕಳು ಮಾತ್ರ. ಅವರಿಲ್ಲದ ಸದಸ್ಯರು ಬೇರೊಬ್ಬರನ್ನು ಹೆಸರಿಸಬಹುದು, ಈ ಕಾಲಂ ಖಾಲಿ ಬಿಡಬೇಡಿ. ಸರ್ಕಾರಿ ನೌಕರರ ಕುಟುಂಬ ಪಿಂಚಣಿ, ಅನುಕಂಪದ ಆಧಾರದ ನೌಕರಿ ಎರಡಕ್ಕೂ ಈ ಕಂತೆಯಲ್ಲಿ ಯಾವ ಉತ್ತರವೂ ಇಲ್ಲ.

ಮಕ್ಕಳ ವಿಷಯದಲ್ಲೂ ಅಷ್ಟೇ. ದತ್ತು ಒಬ್ಬರ ಹೆಸರಿನಲ್ಲಿ ಮಾತ್ರ ಸಿಗುತ್ತದೆ, ಒಂಟಿ ಗಂಡಸಿಗೆ ಹೆಣ್ಣುಮಗುವನ್ನು ಕೊಡುವುದಿಲ್ಲ, ಜೋಡಿಯಾಗಿ ಪಡೆಯಲು ಎರಡು ವರ್ಷದ ಸ್ಥಿರ ದಾಂಪತ್ಯ ತೋರಿಸಬೇಕು. ಬಾಡಿಗೆ ತಾಯ್ತನದ ಕಾಯ್ದೆ ಸಲಿಂಗಿ ಜೋಡಿಗಳನ್ನು ಹೊರಗಿಟ್ಟಿದೆ. ಐವಿಎಫ್ ಮಾತ್ರ 21ರಿಂದ 50 ವರ್ಷದ ಒಂಟಿ ಹೆಂಗಸಿಗೆ ಸಾಧ್ಯ, ಆದರೆ ಮಗುವಿನ ತಾಯಿ ಕಾನೂನಿನ ಕಣ್ಣಿಗೆ ಒಬ್ಬಳೇ. ಇನ್ನೊಬ್ಬಳು ಹತ್ತು ವರ್ಷ ಸಾಕಿದರೂ ಶಾಲೆಯ ಫಾರಂನಲ್ಲಿ ‘ಆಂಟಿ’. ತಾಯಿಯ ವಿಲ್‌ನಲ್ಲಿ ಪಾಲಕಿಯಾಗಿ ಹೆಸರಿಸುವುದೊಂದೇ ಉಳಿದಿರುವ ದಾರಿ.

ಪ್ಯಾಕೇಜಿನ ಚಿತ್ರದಲ್ಲಿ ಎಲ್ಲೂ ಕಾಣದ ವಿಷಯ ಬೇರ್ಪಡುವುದು. ಮದುವೆ ಬೇಕೆನ್ನುವುದು ಕೂಡಿ ಬಾಳುವುದಕ್ಕೆ ಎಂದೇ ಎಲ್ಲರ ಮಾತು, ಆದರೆ ಬಿಟ್ಟುಹೋಗುವಾಗ ಕೈಬಿಡದಿರುವುದೂ ಮದುವೆ ಕಾನೂನಿನ ಕೆಲಸವೇ. ಹೆಂಡತಿಗೆ ಜೀವನಾಂಶ ಕೇಳುವ ಹಕ್ಕಿದೆ, ವಿಚ್ಛೇದನಕ್ಕೆ ಕೌಟುಂಬಿಕ ನ್ಯಾಯಾಲಯವಿದೆ. ಸಂಗಾತಿಯ ಊರಿನ ಕೆಲಸಕ್ಕಾಗಿ ತನ್ನ ನೌಕರಿ ಬಿಟ್ಟು ಮನೆ ನೋಡಿಕೊಂಡವನಿಗೆ ಒಂದು ಬೆಳಿಗ್ಗೆ ‘ಹೊರಡು’ ಎಂದರೆ ಹೋಗಲು ಅಂಥ ನ್ಯಾಯಾಲಯವಿಲ್ಲ. ಸಹಜೀವನ ಕರಾರು ಸ್ವಲ್ಪ ಉಪಯೋಗಕ್ಕೆ ಬರುವುದು ಇಲ್ಲೇ, ಅದೂ ಹಣದ ಲೆಕ್ಕವನ್ನು ಖಚಿತವಾಗಿ ಬರೆದಿದ್ದರೆ. ಯಾರು ಎಷ್ಟು ಇಎಂಐ ಕಟ್ಟಿದರು, ಬಿಟ್ಟರೆ ಎಷ್ಟು ತಿಂಗಳ ಖರ್ಚು ಕೊಡಬೇಕು, ಬಾಡಿಗೆ ಮನೆಯ ಅಡ್ವಾನ್ಸ್ ಯಾರದು, ಇಷ್ಟು ಸಾಕು. ‘ಪರಸ್ಪರ ಪ್ರೀತಿ ವಿಶ್ವಾಸದಿಂದ ಬಾಳತಕ್ಕದ್ದು’ ಎಂಬ ಮೂರು ಪುಟ ತೆಗೆಸಿಹಾಕಿ. 2023ರ ನವೆಂಬರಿನಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಇಂಥ ಕರಾರಿಗೆ ಸರ್ಕಾರಿ ಮಾನ್ಯತೆ ಕೊಡುವ ಪ್ರಸ್ತಾವವನ್ನು ಪರಿಶೀಲಿಸುವಂತೆ ತಮಿಳುನಾಡಿಗೆ ಹೇಳಿದ್ದರು. ಅದನ್ನು ತೋರಿಸಿ ಬೆಂಗಳೂರಿನಲ್ಲಿ ‘ಕೋರ್ಟು ಒಪ್ಪಿದ ನಮೂನೆ’ ಎಂದು ಮಾರಿದರೆ ನಂಬಬೇಡಿ.

ವಿದೇಶದಲ್ಲಿ ನೆಲೆಸುವವರ ಲೆಕ್ಕ ಬೇರೆ. ಅಮೆರಿಕದಲ್ಲಿ 2015ರಿಂದ ಎಲ್ಲ ರಾಜ್ಯಗಳಲ್ಲೂ ಮದುವೆ ಸಾಧ್ಯ, ಎಚ್-1ಬಿ ಉದ್ಯೋಗ ವೀಸಾದಲ್ಲಿರುವವರ ಸಲಿಂಗಿ ಗಂಡ ಅಥವಾ ಹೆಂಡತಿಗೂ ಅವಲಂಬಿತರ ಎಚ್-4 ವೀಸಾ ಸಿಗುತ್ತದೆ. ಅದಕ್ಕೆ ಕೇಳುವುದು ಮದುವೆಯ ಸರ್ಟಿಫಿಕೇಟ್. ಇಲ್ಲಿಯ ಕರಾರು, ನೋಟರಿ, ಜಂಟಿ ಖಾತೆ ಸೇರಿದರೂ ಅದರ ಜಾಗ ತುಂಬುವುದಿಲ್ಲ. ಅಲ್ಲಿ ಮದುವೆಯಾಗಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿದರೆ ಇಬ್ಬರೂ ಮತ್ತೆ ಅವಿವಾಹಿತರು. ಹಾಗಾಗಿ ಅವರೂ ಇಲ್ಲಿಯ ಆಸ್ತಿಗೆ ಪ್ರತ್ಯೇಕ ವಿಲ್ ಬರೆಸಬೇಕು.

ಪೂರ್ತಿ ಪ್ಯಾಕೇಜ್ ಕೊಳ್ಳುವುದಕ್ಕಿಂತ ಬಿಡಿಬಿಡಿಯಾಗಿ ಕೊಳ್ಳುವುದು ಲಾಭ. ವಿಲ್‌ಗೆ ಒಳ್ಳೆಯ ಸಿವಿಲ್ ವಕೀಲರನ್ನು ಹಿಡಿಯಿರಿ, ಉಳಿಸಿದ ದುಡ್ಡನ್ನೆಲ್ಲ ಅಲ್ಲಿ ಹಾಕಿ. ಮುಂಗಡ ನಿರ್ದೇಶನವನ್ನು ನೋಟರಿ ಬಳಿ ಮಾಡಿಸಿ, ಮಾನಸಿಕ ಆರೋಗ್ಯದ ನಾಮನಿರ್ದೇಶನವನ್ನು ಮನೆಯಲ್ಲೇ ಬರೆಯಿರಿ, ಜಂಟಿ ಖಾತೆಗೆ ಬ್ಯಾಂಕಿಗೆ ನೀವೇ ಹೋಗಿ. ಬ್ಯಾಂಕಿನವರು ಗೊಣಗಿದರೆ ಆಗಸ್ಟ್ 2024ರ ಸೂಚನೆಯ ಪ್ರತಿ ಜೇಬಿನಲ್ಲಿರಲಿ. ಪವರ್ ಆಫ್ ಅಟಾರ್ನಿ ಬೇಕೇ ಬೇಕೆಂದರೆ ಬಾಡಿಗೆ, ಕರೆಂಟು, ಬ್ಯಾಂಕು ಇಷ್ಟಕ್ಕೆ ಸೀಮಿತವಾದದ್ದು ಸಾಕು. ಮೂಲ ಪ್ರತಿಗಳು ಇಬ್ಬರೂ ಇರುವ ಮನೆಯ ಬೀರುವಿನಲ್ಲೇ ಇದ್ದರೆ ಪ್ರಯೋಜನವಿಲ್ಲ, ಮನೆಗೆ ಮೊದಲು ಬೀಗ ಹಾಕುವವರು ನೆಂಟರೇ. ಒಂದು ಸೆಟ್ ಮೂರನೆಯ ನಂಬಿಕಸ್ಥರ ಬಳಿ ಇರಲಿ. ಕೆಲಸ ಬದಲಾದಾಗ, ಹೆತ್ತವರಲ್ಲಿ ಯಾರಾದರೂ ತೀರಿಕೊಂಡಾಗ, ಹೊಸ ಪಾಲಿಸಿ ತೆಗೆದಾಗ ಪಿಎಫ್ ಮತ್ತು ವಿಮೆಯ ನಾಮಿನಿಗಳನ್ನೂ ವಿಲ್‌ನ ಷೆಡ್ಯೂಲನ್ನೂ ಮತ್ತೆ ತಾಳೆ ನೋಡಿ, ತಿದ್ದುಪಡಿಗೂ ಮೊದಲಿನಂತೆಯೇ ಇಬ್ಬರು ಸಾಕ್ಷಿಗಳು ಬೇಕು.